ಹಿತ್ತಿಲ ಬಾಗಿಲ ಗಂಟೆ

ನಮ್ಮ ಮನೆಗೆ ಮೊದಲ ಸಲ ಬಂದವರು ಕಾಫಿ ಕುಡಿಯುತ್ತ ಕೂತಾಗ ಅವರ ಕಣ್ಣು ಹಿತ್ತಿಲ ಬಾಗಿಲ ಕಡೆ ಹೋಗಿಯೇ ಹೋಗುತ್ತದೆ. ನಮ್ಮದು ಉದ್ದನೆಯ ಹೆಂಚಿನ ಮನೆ; ಮುಂಬಾಗಿಲಲ್ಲಿ ನಿಂತರೆ ಹಿತ್ತಿಲ ಬಾಗಿಲು ನೇರ ಕಾಣುತ್ತದೆ. ಆ ಬಾಗಿಲಿಗೆ ಒಳಗಡೆಯಿಂದ, ಮೊಣಕಾಲಿಗಿಂತ ಸ್ವಲ್ಪ ಕೆಳಗೆ, ಗೋಣಿ ದಾರದಲ್ಲಿ ಒಂದು ಹಿತ್ತಾಳೆ ಗಂಟೆ ಕಟ್ಟಿದೆ. “ಇದ್ಯಾಕೆ ಇಲ್ಲಿ ಕಟ್ಟಿದ್ದೀರಿ?” ಎಂದು ಕೇಳುತ್ತಾರೆ. “ನಾಯಿಗೆ” ಎನ್ನುತ್ತೇನೆ. ಅವರು ನಗುತ್ತಾರೆ, ನಾನೂ ನಗುತ್ತೇನೆ. ಪೂರ್ತಿ ಹೇಳಲು ಹೋದರೆ ಅವರ ಕಾಫಿ ಆರಿಹೋಗುತ್ತದೆ ಎಂದು ಸುಮ್ಮನಾಗುತ್ತೇನೆ. ನಿಮಗಾದರೆ ಹೇಳಬಹುದು. ಕೈಯಲ್ಲಿ ಕಾಫಿ ಇದ್ದರೆ ಮೊದಲು ಕುಡಿದುಬಿಡಿ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಪುಕ್ಕಲಿ. ಗುಡುಗಿಗೆ ಹೆದರುತ್ತೇನೆ, ತುಂಬಿದ ಬಾವಿಗೆ ಹೆದರುತ್ತೇನೆ, ಬ್ಯಾಂಕಿನಲ್ಲಿ ಒಂದು ಫಾರಂ ತುಂಬಲು ಮೂರು ಹಾಳೆ ಕೆಡಿಸುತ್ತೇನೆ. ಊರ ಹಾಲಿನ ಡೈರಿಯಲ್ಲಿ ಬಹಳ ವರ್ಷದಿಂದ ಕಾರ್ಯದರ್ಶಿ ಆಗಿದ್ದೇನೆ. ಹಾಲಿಗೆ ನೀರು ಬೆರೆಸಿದವರನ್ನು ಹಿಡಿಯಬೇಕಾದವಳು ನಾನೇ. ಆದರೆ ಲ್ಯಾಕ್ಟೋಮೀಟರು ಮುಳುಗಿದರೆ ಹಾಲು ತಂದವರಿಗಿಂತ ಮೊದಲು ನನ್ನ ಮುಖ ಬಾಡುತ್ತದೆ. ನಮ್ಮ ಯಜಮಾನರು ಬಸ್ ಕಂಡಕ್ಟರು. ದಿನ ಬಿಟ್ಟು ದಿನ ಅವರ ಬಸ್ಸು ಕೆ.ಆರ್. ಪೇಟೆ ಕಡೆಯ ಹಳ್ಳಿಯೊಂದರಲ್ಲಿ ರಾತ್ರಿ ಹಾಲ್ಟು. ಆ ದಿನಗಳಲ್ಲಿ ಮನೆಯಲ್ಲಿ ಉಳಿಯುವವರು ನಾನು, ಎಪ್ಪತ್ತು ದಾಟಿದ ನಮ್ಮತ್ತೆ, ಕೊಟ್ಟಿಗೆಯಲ್ಲಿ ಎರಡು ಹಸು, ಮತ್ತೆ ಕೆಂಚ.

ಕೆಂಚ ನಾಯಿ. ಅವನನ್ನು ನಾವು ಸಾಕಿದೆವು ಅಂತ ಹೇಳಿದರೆ ಸುಳ್ಳಾಗುತ್ತದೆ. ಡೈರಿಯಿಂದ ಒಂದು ದಿನ ನನ್ನ ಹಿಂದೆ ಬಂದ, ಅತ್ತೆ ಒಂದು ಮುದ್ದೆ ಚೂರು ಎಸೆದರು, ಉಳಿದುಕೊಂಡ. ಹಗಲು ಜಗುಲಿಯ ಕೆಳಗೆ ಮಲಗುತ್ತಿದ್ದ, ಕತ್ತಲಾದ ಮೇಲೆ ಊರೆಲ್ಲ ಅವನದೇ. ಹೊಸಿಲು ದಾಟಿ ಒಳಗೆ ಬಂದವನಲ್ಲ. ಒಂದು ಸಲ ಮಳೆಯಲ್ಲಿ ಮುಂಗಾಲು ಒಳಗಿಟ್ಟಿದ್ದಕ್ಕೆ ಅತ್ತೆ ಪೊರಕೆ ಎತ್ತಿದ್ದರು. ನಮ್ಮ ಕಡೆ ನಾಯಿ ಎಂದರೆ ಹಾಗೇ. ಅದು ಎಲ್ಲಿ ಹೋಗುತ್ತದೆ, ಯಾವಾಗ ಹೋಗುತ್ತದೆ, ಏನು ಮಾಡಿ ಬರುತ್ತದೆ ಎನ್ನುವುದು ಮನೆಯವರ ತಲೆನೋವಲ್ಲ.

ಆಮೇಲೆ ಚಿರತೆ ಬಂತು.

ಬಂತು ಎಂದು ನನಗೆ ಗೊತ್ತಾಗಿದ್ದು ಡೈರಿಯಲ್ಲಿ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ಬಾಯಿಗೆ ಮೊದಲೆಲ್ಲ ಹಿಂಡಿಯ ಮಾತು, ನಾಲೆ ನೀರಿನ ಮಾತು. ಈ ವರ್ಷ ಬರೀ ಇದೇ. ಬೆಳಗೊಳದ ಕಡೆ ಕಬ್ಬು ಕಡಿಯುವಾಗ ಮರಿಗಳು ಸಿಕ್ಕವಂತೆ. ತೊಣ್ಣೂರು ಕೆರೆ ಏರಿಯ ಮೇಲೆ ಸಂಜೆ ಬೈಕಿನ ದೀಪಕ್ಕೆ ಎರಡು ಕಣ್ಣು ಹೊಳೆದವಂತೆ. ಯಾರದೋ ಮೇಕೆ, ಯಾರದೋ ಕರು. ಒಬ್ಬೊಬ್ಬರು ಹೇಳುವಾಗಲೂ ನಾನು ಹಾಲಿನ ಅಳತೆ ತಪ್ಪಿಸಿ ಮತ್ತೆ ಅಳೆಯುತ್ತಿದ್ದೆ. ಒಂದು ಬೆಳಿಗ್ಗೆ ನಮ್ಮ ಪಕ್ಕದ ಮನೆಯವರ ನಾಯಿ ಕಾಣಲಿಲ್ಲ. ಕಟ್ಟಿದ್ದ ಚೈನು ಮಾತ್ರ ಕಂಬಕ್ಕೆ ಇತ್ತು, ಅದರ ತುದಿಯಲ್ಲಿ ಕೊರಳ ಬೆಲ್ಟು, ಬಕಲ್ ಹಾಕಿದ್ದು ಹಾಕಿದ ಹಾಗೇ. ನಾನು ಅದನ್ನು ನೋಡಬಾರದಿತ್ತು. ನೋಡಿದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ.

ಫಾರೆಸ್ಟಿನವರು ಬಂದು ನಮ್ಮ ಹಿತ್ತಿಲಾಚೆಯ ಕಬ್ಬಿನ ಗದ್ದೆಯ ಬದುವಿನಲ್ಲಿ ಬೋನು ಇಟ್ಟರು. ಆಮೇಲೆ ಡೈರಿ ಮುಂದೆ ಜನ ಸೇರಿಸಿ, ಅವರಲ್ಲಿ ಒಬ್ಬ ಗಾರ್ಡು ಬುದ್ಧಿ ಹೇಳಿದ. “ಹೊತ್ತು ಮುಳುಗಿದ್ ಮ್ಯಾಲೆ ನಾಯಿನ ಒಳಗೆ ಕಟ್ಕಳಿ. ಅದು ಬರೋದೇ ನಾಯಿಗೆ. ಇನ್ನೊಂದು ಇಸ್ಯ, ಬೆಳಗಿನ ಜಾವ ಕಬ್ಬಿನ್ ಸಾಲಲ್ಲಿ ಚೊಂಬು ಇಡ್ಕೊಂಡು ಕೂರಬ್ಯಾಡಿ. ನಿಂತಿದ್ರೆ ಮನ್ಸ ಅಂತ ಗೊತ್ತಾಯ್ತದೆ. ಕುಕ್ಕರಗಾಲಲ್ಲಿ ಕೂತ್ರೆ ಅದ್ರ ಕಣ್ಗೆ ಮೇಕೆ ಕಂಡಂಗೆ ಕಾಣ್ತೀರಿ.” ಗಂಡಸರು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಕಣ್ಣು ನಮ್ಮತ್ತೆಯನ್ನು ಹುಡುಕಿತು. ಅವರು ಗುಂಪಿನ ಅಂಚಿನಲ್ಲಿ ಸೆರಗು ಸರಿಮಾಡಿಕೊಳ್ಳುತ್ತ, ಆ ಮಾತು ತಮಗೆ ಹೇಳಿದ್ದಲ್ಲ ಎನ್ನುವ ಹಾಗೆ ಆಕಾಶ ನೋಡುತ್ತಿದ್ದರು.

ಅತ್ತೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೆಂಚ.

ಆವತ್ತೇ ಸಂಜೆ ಅವನನ್ನು ಒಳಗೆ ಎಳೆದುಕೊಂಡೆವು. ಪೊರಕೆ ನೆನಪಿತ್ತೋ ಏನೋ, ಹೊಸಿಲ ಮೇಲೆ ನಾಲ್ಕು ಕಾಲೂ ಊರಿ ನಿಂತ. ಅತ್ತೆಯೇ ಹಿಂದಿನಿಂದ ತಳ್ಳಿದರು, “ಓಗೋ ಒಳಿಕ್ಕೆ, ಸಾಯ್ಬ್ಯಾಡ.” ಒಳಗೆ ಬಂದವನು ರಾಗಿ ಚೀಲದ ಪಕ್ಕ ಮುದುಡಿಕೊಂಡ. ಮನೆಯೊಳಗೆ ಗಲೀಜು ಮಾಡಿಬಿಡುತ್ತಾನೆ ಎಂದು ನಾನು ಹಳೆಯ ಗೋಣಿಚೀಲ ಹಾಸಿಟ್ಟಿದ್ದೆ. ಅವನು ಮಾಡಲಿಲ್ಲ. ಬೆಳಗಿನ ಜಾವ ಎದ್ದು ನೋಡಿದರೆ ಗೋಡೆಗೆ ಮುಖ ಮಾಡಿ ಕೂತು ನಡುಗುತ್ತಿದ್ದ. ಹಿತ್ತಿಲ ಬಾಗಿಲು ತೆಗೆದಿದ್ದೇ ತಡ ನುಗ್ಗಿಹೋಗಿ ತೆಂಗಿನ ಬುಡದಲ್ಲಿ ಎಷ್ಟು ಹೊತ್ತು ನಿಂತ ಎಂದರೆ, ನನಗೇ ಕಣ್ಣಲ್ಲಿ ನೀರು ಬಂತು. ಅವನಿಗೆ ತಡೆದುಕೊಳ್ಳುವುದು ಗೊತ್ತಿತ್ತು, ಕೇಳುವುದು ಗೊತ್ತಿರಲಿಲ್ಲ. ಯಾವತ್ತು ಕೇಳಿದ್ದಾನೆ ಪಾಪ?

ಈ ಕೇಳುವ ಕಷ್ಟ ನನಗೆ ಚೆನ್ನಾಗಿ ಗೊತ್ತು. ನಾನು ಓದಿದ್ದು ನಾಗಮಂಗಲದ ಕಡೆಯ ನಮ್ಮ ತವರೂರ ಶಾಲೆಯಲ್ಲಿ. ಒಂದಕ್ಕೆ ಹೋಗಬೇಕಾದರೆ ಕಿರುಬೆರಳು ಎತ್ತಿ ತೋರಿಸಬೇಕು. ಎಷ್ಟು ಸುಲಭ! ಆದರೆ ನಮ್ಮ ಮೇಷ್ಟ್ರು ಬೆರಳು ಎತ್ತಿದವರನ್ನು ಎದ್ದು ನಿಲ್ಲಿಸಿ, “ಈಗ್ಲೇ ಬೇಕಾ?” ಎಂದು ಇಡೀ ಕ್ಲಾಸಿಗೆ ಕೇಳುವ ಹಾಗೆ ಕೇಳುತ್ತಿದ್ದರು. ಮೂರನೇ ಕ್ಲಾಸಿನ ನಾನು ಬೆರಳನ್ನು ಮಡಿಲಲ್ಲೇ ಎತ್ತುತ್ತಿದ್ದೆ, ಮಡಿಲಲ್ಲೇ ಇಳಿಸುತ್ತಿದ್ದೆ. ಒಂದು ದಿನ ಆಗಬಾರದ್ದು ಆಗಿಯೇ ಹೋಯಿತು. ನೀರು ನೆಲದ ಇಳಿಜಾರಿನಲ್ಲಿ ಹರಿದು ಮುಂದಿನ ಸಾಲಿನ ಹುಡುಗಿಯ ಸ್ಲೇಟು ಮುಟ್ಟಿತು. ಸೂರು ಸೋರುತ್ತಿದೆ ಎಂದು ಹೇಳೋಣವೆಂದರೆ ಸುಡು ಬೇಸಿಗೆ. ಆ ಹುಡುಗಿ ಈಗಲೂ ಮದುವೆ ಮನೆಗಳಲ್ಲಿ ಸಿಗುತ್ತಾಳೆ, ಸಿಕ್ಕಾಗಲೆಲ್ಲ ನನ್ನ ಕಾಲ ಕೆಳಗೆ ನೋಡಿ ನಗುತ್ತಾಳೆ.

ಹಾಗಾಗಿ ಕೆಂಚನಿಗೆ ಕೇಳುವುದನ್ನು ಕಲಿಸಲೇಬೇಕು ಎಂದು ಹಟ ಹುಟ್ಟಿತು. ಮೈಸೂರಿನಲ್ಲಿ ಓದುತ್ತಿರುವ ಮಗಳಿಗೆ ಫೋನು ಮಾಡಿದೆ. “ಅಮ್ಮ, ಅದಕ್ಕೆ ಬಾಗಿಲಿಗೆ ಗಂಟೆ ಕಟ್ತಾರೆ. ಹೊರಗೆ ಹೋಗ್ಬೇಕು ಅಂದ್ರೆ ನಾಯಿನೇ ಬಂದು ಅಲ್ಲಾಡಿಸುತ್ತೆ. ತಾಳು, ವಿಡಿಯೋ ಕಳಿಸ್ತೀನಿ” ಎಂದಳು. ವಿಡಿಯೋದಲ್ಲಿ ಬಿಳೀ ಉಣ್ಣೆಯಂಥ ನಾಯಿ, ಗಾಜಿನ ಬಾಗಿಲು, ಆಚೆ ಕತ್ತರಿಸಿದ ಹಸಿರು ಹುಲ್ಲು. ಹುಲ್ಲಿನ ಆಚೆ ಕಬ್ಬು ಇರಲಿಲ್ಲ.

ಗಂಟೆಗೆ ಎಲ್ಲಿಗೆ ಹೋಗುವುದು? ಅಟ್ಟದ ಮೇಲೆ ಒಂದಿತ್ತು. ಮಾವನವರು ಇದ್ದಾಗ ಅವರ ಎಡಗಡೆ ಎತ್ತಿನ ಕೊರಳಲ್ಲಿ ಇದ್ದದ್ದು. ಅತ್ತೆಯನ್ನು ಕೇಳಲು ನನಗೆ ನಾಲ್ಕು ದಿನ ಬೇಕಾಯಿತು. ಮದುವೆಯಾಗಿ ಇಪ್ಪತ್ತಾರು ವರ್ಷ ಆದರೂ ಅವರ ಮುಂದೆ ನಿಂತರೆ ನನ್ನ ಬೆರಳು ಮಡಿಲಲ್ಲೇ ಏಳುತ್ತದೆ. ಅವರು ಬೈಯುವವರಲ್ಲ. ಕೇಳುವವರೂ ಅಲ್ಲ, ಅದೇ ತೊಂದರೆ. ಇಷ್ಟು ವರ್ಷದಲ್ಲಿ ‘ಒಂದು ಲೋಟ ನೀರು ಕೊಡಮ್ಮಿ’ ಎಂದು ನನ್ನನ್ನು ಕೇಳಿದ್ದು ನೆನಪಿಲ್ಲ. ಜ್ವರದಲ್ಲೂ ತಾವೇ ಎದ್ದು ಬಗ್ಗಿಸಿಕೊಳ್ಳುತ್ತಿದ್ದರು. ಕೊನೆಗೆ ರೊಟ್ಟಿ ತಟ್ಟುತ್ತ, ಹಂಚಿನ ಕಡೆ ನೋಡಿಕೊಂಡೇ ಕೇಳಿದೆ. ಅವರು ಎದ್ದುಹೋಗಿ, ಏಣಿ ಹಾಕಿ ಗಂಟೆ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ ತಂದುಕೊಟ್ಟರು. “ತಕೋ. ಎತ್ತಿಲ್ಲ, ನಾಯ್ಗಾದ್ರೂ ಆಗ್ಲಿ” ಎಂದರು.

ಕಲಿಸುವ ಕ್ರಮ ಹೀಗೆ. ಅವನ ಮುಂಗಾಲು ಹಿಡಿದು ಗಂಟೆ ಮುಟ್ಟಿಸಬೇಕು. ಸದ್ದಾದ ತಕ್ಷಣ ಬಾಗಿಲು ತೆಗೆಯಬೇಕು. ಹೊರಗೆ ಕೆಲಸ ಮುಗಿಸಿ ಬಂದ ಮೇಲೆ ತಿನ್ನಲು ಏನಾದರೂ ಕೊಡಬೇಕು. ನಾನು ಜಾಣತನ ಮಾಡಲು ಹೋಗಿ, ಅವನು ತಾನಾಗಿ ಮುಟ್ಟಲಿ ಎಂದು ಗಂಟೆಗೆ ಹಾಲಿನ ಕೆನೆ ಸವರಿದೆ. ಡೈರಿಯವಳ ಬುದ್ಧಿ ಇನ್ನೆಲ್ಲಿಗೆ ಹೋಗುತ್ತದೆ? ಅವನು ಬಂದು ನೆಕ್ಕಿದ, ಗಂಟೆ ಆಡಿತು, ನಾನು ಬಾಗಿಲು ತೆಗೆದೆ, ಅವನು ಹೊರಗೆ ಹೋಗದೆ ನೆಕ್ಕುತ್ತಲೇ ಇದ್ದ. ಒಂದು ವಾರ ನಮ್ಮ ಮನೆಯಲ್ಲಿ ಗಂಟೆ ನಿಲ್ಲಲಿಲ್ಲ. ನಮ್ಮ ಯಜಮಾನರು ಹಾಲ್ಟು ಮುಗಿಸಿ ಬಂದವರು ಮಲಗೋಣವೆಂದು ಚಾಪೆ ಹಾಸಿದರೆ, ಢಣ್. “ಬಸ್ನಾಗೆ ಒಂದು ಒಡುದ್ರೆ ನಿಲ್ಸು, ಎರಡು ಒಡುದ್ರೆ ರೈಟು ಅಂತ ಇತ್ತು. ಇವ್ನು ಒಡೀತಿರೋದು ಯಾವ್ ಲೆಕ್ಕ ಕಣೆ?” ಎಂದು ತಲೆದಿಂಬು ಕಿವಿಗೆ ಒತ್ತಿಕೊಂಡರು.

ಕೆನೆ ಸವರುವುದು ಬಿಟ್ಟು, ವಿಡಿಯೋದಲ್ಲಿ ಇದ್ದ ಹಾಗೆ ಕಾಲು ಹಿಡಿದೇ ಕಲಿಸಿದೆ. ಹದಿನೈದು ದಿನಕ್ಕೆ ಹಿಡಿತಕ್ಕೆ ಬಂತು. ಆದರೆ ಇನ್ನೊಂದು ಎಡವಟ್ಟು ಕಾದಿತ್ತು. ಬೆಳಿಗ್ಗೆ ಅತ್ತೆ ದೇವರ ಮುಂದೆ ಕರ್ಪೂರ ಹಚ್ಚಿ ಗಂಟೆ ಎತ್ತಿದರೆ, ಮಲಗಿದ್ದ ಕೆಂಚ ಚಂಗನೆ ಎದ್ದು ಹಿತ್ತಿಲ ಬಾಗಿಲಿಗೆ ಓಡಿ ನಿಲ್ಲುತ್ತಿದ್ದ. ಬಾಗಿಲು ತೆಗೆಯದಿದ್ದರೆ ಅವನೂ ಬಾರಿಸುತ್ತಿದ್ದ. ದೇವರ ಮನೆಯಲ್ಲಿ ಒಂದು ಗಂಟೆ, ಹಿತ್ತಿಲ ಬಾಗಿಲಲ್ಲಿ ಒಂದು ಗಂಟೆ. “ನೋಡಮ್ಮಿ, ನಾನು ದ್ಯಾವ್ರಿಗೆ ಮಂಗ್ಳಾರ್ತಿ ಎತ್ತಂಗಿಲ್ಲ, ಇವ್ನಿಗೆ ಒಂದ್ಕೆ ಬಂದ್ಬುಡ್ತದೆ” ಎಂದು ಅತ್ತೆ ಹೇಳಿದಾಗ ನಾನು ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವರೆದುರು ಗಟ್ಟಿಯಾಗಿ ನಕ್ಕೆ. ಮರುದಿನದಿಂದ ಅವರು ಗಂಟೆ ಎತ್ತದೆ ಬರೀ ಆರತಿ ಬೆಳಗಿದರು. ದೇವರಿಗೆ ಕೇಳಿಸದಿದ್ದರೆ ಪರವಾಗಿಲ್ಲ, ನಾಯಿಗೆ ಗೊಂದಲ ಆಗಬಾರದಂತೆ.

ಇಷ್ಟು ಹೊತ್ತು ನಕ್ಕಿರಿ. ಈಗ ನನ್ನ ಪಾಡು ಕೇಳಿ. ಕೆಂಚ ಕೇಳುವುದನ್ನು ಕಲಿತ, ಸರಿ. ಅವನು ಕೇಳಿದಾಗ ಬಾಗಿಲು ತೆಗೆದು ಜೊತೆಗೆ ಹೋಗಬೇಕಾದವಳು ಯಾರು? ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಅವನು ಬಾರಿಸುತ್ತಿದ್ದುದು ಎರಡು ಹೊತ್ತು: ಮುಸ್ಸಂಜೆ ಒಂದು, ಬೆಳಗಿನ ಜಾವ ಒಂದು. ಚಿರತೆ ಓಡಾಡುವ ಹೊತ್ತೂ ಅವೇ. ಬಲಗೈಲಿ ಟಾರ್ಚು, ಎಡಗೈಲಿ ಕೆಂಚನ ಹಗ್ಗ. ಹೊಸಿಲಿನಿಂದ ತೆಂಗಿನ ಬುಡಕ್ಕೆ ಐದು ಹೆಜ್ಜೆ. ಆ ಐದು ಹೆಜ್ಜೆಗೆ ನನ್ನ ಬಾಯಿಯ ನೀರೆಲ್ಲ ಆರುತ್ತಿತ್ತು. ಅವನೋ, ಮೂಸಿ ಮೂಸಿ ಜಾಗ ಆರಿಸುವವನು. “ಬೇಗ ಮಾಡೋ, ದಮ್ಮಯ್ಯ” ಎಂದು ನಾನು ಗೋಗರೆಯುವುದು, ಅವನು ಒಂದು ಕಾಲೆತ್ತಿ, ಮನಸ್ಸು ಬದಲಿಸಿ, ಕಾಲಿಳಿಸಿ, ಇನ್ನೊಂದು ಕಡೆ ತಿರುಗುವುದು. ತೆಂಗಿನ ಆಚೆ ಕೊಟ್ಟಿಗೆ, ಕೊಟ್ಟಿಗೆಯ ಆಚೆ ಲೆಟ್ರಿನ್ನು, ಅದರಾಚೆ ಬೇಲಿ, ಬೇಲಿಯಾಚೆ ಆಳೆತ್ತರದ ಕಬ್ಬು. ಗಾಳಿಯಿಲ್ಲದಾಗಲೂ ಕಬ್ಬಿನ ಗರಿ ಸರಸರ ಎನ್ನುತ್ತದೆ, ಗೊತ್ತೇ? ಇಲಿ ಓಡಿದರೂ ಸರಸರ. ಯಾವ ಸದ್ದು ಯಾವುದರದ್ದು ಎಂದು ಹೇಗೆ ಹೇಳುವುದು? ಅದರ ಜೊತೆಗೆ ಬೋನಿನೊಳಗೆ ಒಂದು ನಾಯಿ ಕಟ್ಟಿದ್ದರು. ಕಬ್ಬಿಣದ ಸರಳು ಮಧ್ಯೆ ಇದೆ, ಅದಕ್ಕೇನೂ ಆಗಲ್ಲ ಎಂದಿದ್ದರು ಫಾರೆಸ್ಟಿನವರು. ಅದು ಆ ನಾಯಿಗೆ ಗೊತ್ತಿರಬೇಕಲ್ಲ. ಹೊತ್ತು ಮುಳುಗುತ್ತಿದ್ದ ಹಾಗೆ ಅದು ಅಳಲು ಶುರುಮಾಡಿದರೆ ಕೆಂಚ ಬಂದು ನನ್ನ ಸೀರೆಯ ನೆರಿಗೆಯೊಳಗೆ ತಲೆ ಇಡುತ್ತಿದ್ದ. ನಾನು ಯಾರ ನೆರಿಗೆಯೊಳಗೆ ತಲೆ ಇಡಲಿ?

ಈಗ ಅತ್ತೆಯ ವಿಷಯ. ನಮ್ಮ ಹಿತ್ತಿಲಲ್ಲಿ ಲೆಟ್ರಿನ್ನು ಕಟ್ಟಿಸಿ ಹತ್ತು ವರ್ಷವಾಗಿದೆ. ಅತ್ತೆ ಅದರೊಳಗೆ ಒಂದು ದಿನವೂ ಕಾಲಿಟ್ಟವರಲ್ಲ. “ಉಣ್ಣೋ ಮನೆ ಮಗ್ಗುಲಲ್ಲಿ ಅದ್ಯಾವ ಅಸಯ್ಯ” ಎನ್ನುತ್ತಿದ್ದರು. ಕೋಳಿ ಕೂಗುವ ಹೊತ್ತಿಗೆ ಎದ್ದು, ತಮ್ಮ ತವರಿಂದ ತಂದ ತಾಮ್ರದ ಚೊಂಬಿಗೆ ನೀರು ತುಂಬಿಕೊಂಡು, ಬೇಲಿಯ ಗಂಡಿ ದಾಟಿ, ಕಬ್ಬಿನ ಸಾಲಿಗೆ ಹೋಗುವರು. ಒಬ್ಬರೇ. ಮೊದಲು ಜೊತೆಗಾತಿಯರಿದ್ದರು, ಕೆಲವರು ತೀರಿಕೊಂಡರು, ಉಳಿದವರು ಲೆಟ್ರಿನ್ನಿಗೆ ಒಗ್ಗಿಕೊಂಡರು. ಚಿರತೆ ಬಂದ ಮೇಲೂ ಅತ್ತೆ ನಿಲ್ಲಿಸಲಿಲ್ಲ. ಅದರ ಹೆಸರೂ ಎತ್ತುತ್ತಿರಲಿಲ್ಲ. ಹಾವಿಗೆ ಹುಳ ಎನ್ನುವ ಹಾಗೆ, ಇದಕ್ಕೆ ಬರೀ ‘ಅದು’. “ಅದುಕ್ಕೆ ಈ ಒಣಕಲು ಮುದುಕಿ ಯಾಕಮ್ಮಿ? ಅದ್ರ ದಾರಿ ಅದುಕ್ಕೆ, ನನ್ನ ದಾರಿ ನಂಗೆ.”

ನಾನು ಪ್ರತಿದಿನ ಅವರು ಎದ್ದ ಸದ್ದಿಗೆ ಎಚ್ಚರಾಗುತ್ತಿದ್ದೆ. ಚಿಲಕ ತೆಗೆದ ಸದ್ದು, ಗಂಟೆ ಆಡದ ಹಾಗೆ ಕೈಯಲ್ಲಿ ಹಿಡಿದು ಬಾಗಿಲು ಮುಂದಕ್ಕೆ ಎಳೆದುಕೊಂಡ ಸದ್ದು. ಅವರು ವಾಪಸು ಬಂದು ಕಾಲು ತೊಳೆಯುವ ಸದ್ದು ಕೇಳುವವರೆಗೆ ಕಂಬಳಿಯೊಳಗೆ ಉಸಿರು ಹಿಡಿದು ಮಲಗಿರುತ್ತಿದ್ದೆ. ‘ಅತ್ತೆ, ನಾನೂ ಬರ್ತೀನಿ’ ಎನ್ನುವ ಒಂದು ಮಾತು ಗಂಟಲ ತನಕ ಬಂದು ವಾಪಸು ಹೋಗುತ್ತಿತ್ತು. ಅವರು ಬೇಡ ಎನ್ನುತ್ತಾರೆ ಎನ್ನುವ ಸಂಕೋಚ ಅರ್ಧ. ಹೂಂ ಅಂದುಬಿಟ್ಟರೆ ನಾನು ಹೋಗಬೇಕಲ್ಲ ಎನ್ನುವ ದಿಗಿಲು ಇನ್ನರ್ಧ. ನಾಯಿಗೆ ಐದು ಹೆಜ್ಜೆ ಹೋಗುತ್ತಿದ್ದವಳು, ಅತ್ತೆಗೆ ಒಂದು ಹೆಜ್ಜೆಯೂ ಹೋಗಲಿಲ್ಲ. ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕು.

ಆಗೆಲ್ಲ ನನ್ನ ಅಜ್ಜಿಯ ನೆನಪು. ತವರಿನಲ್ಲಿ ಬಯಲೇ ಗತಿ. ಬೆಳಕು ಹರಿಯುವ ಮುಂಚೆ ಅಜ್ಜಿಯ ಸೆರಗು ಹಿಡಿದು ಹೋಗುತ್ತಿದ್ದೆ. ಅವಳು ನಾಲ್ಕು ಮಾರು ದೂರ ಬೆನ್ನು ಮಾಡಿ ನಿಲ್ಲುವಳು. ನನಗೆ ಅವಳು ಹೊರಟುಹೋದರೆ ಎಂದು ಜೀವ ಪುಕಪುಕ. “ಅಜ್ಜಿ, ಇದ್ದೀಯಾ?” ಎನ್ನುವೆ. “ಇವ್ನಿ ಕಣವ್ವ.” ಎರಡು ಗಳಿಗೆಗೆ ಮತ್ತೆ, “ಅಜ್ಜಿ, ಇದ್ದೀಯಾ?” “ಇವ್ನಿ ಕಣವ್ವ, ಇವ್ನಿ.” ನೂರು ಸಲ ಕೇಳಿದರೂ ನೂರು ಸಲ ಹೇಳುವಳು. ಒಂದು ದಿನವೂ ‘ಸುಮ್ನಿರು’ ಎಂದವಳಲ್ಲ. ಅವಳಿಗೂ ಆ ಕತ್ತಲಲ್ಲಿ ದಿಗಿಲಾಗುತ್ತಿತ್ತೇನೋ, ನಾನು ಕೇಳಲಿಲ್ಲ.

ಒಂದು ಮಧ್ಯಾಹ್ನ ಧೈರ್ಯ ಮಾಡಿ, ಆದಷ್ಟು ತಮಾಷೆಯ ದನಿಯಲ್ಲಿ ಅತ್ತೆಗೆ ಹೇಳಿದೆ. “ಅತ್ತೆ, ನೀವೂ ಹೋಗೋ ಮುಂಚೆ ಆ ಗಂಟೆ ಒಂದು ಸಲ ಅಲ್ಲಾಡಿಸಿ. ಎದ್ದು ಬಾಗಿಲಲ್ಲಿ ನಿಂತಿರ್ತೀನಿ.” ಅವರ ಕೈಯ ಮೊರ ನಿಂತಿತು. “ನಾನೇನು ನಾಯೇನಮ್ಮಿ?” ಎಂದರು. ಜೋರಾಗಿ ಅಲ್ಲ. ಮತ್ತೆ ಅಕ್ಕಿ ಕೇರತೊಡಗಿದರು. ಕೆಂಚ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತ ಕೂತಿದ್ದ.

ಅದಾಗಿ ಒಂದು ವಾರವಿರಬಹುದು. ಯಜಮಾನರಿಗೆ ಹಾಲ್ಟು ಡ್ಯೂಟಿ. ಬೆಳಗಿನ ಜಾವ ಅತ್ತೆ ಎದ್ದುಹೋದದ್ದು ಕೇಳಿಸಿತು. ನಾನು ಎಂದಿನಂತೆ ಕಣ್ಣು ಬಿಟ್ಟುಕೊಂಡು ಮಲಗಿದ್ದೆ. ಢಣ್ ಎಂದಿತು. ಕೆಂಚ. ಎದ್ದು ಟಾರ್ಚು ತೆಗೆದುಕೊಂಡು ಹೋಗಿ ಬಾಗಿಲು ತೆಗೆದೆ. ಅವನು ಹೊರಗೆ ಹೋಗಲಿಲ್ಲ. ಬಾಗಿಲು ತೆಗೆಯಲೆಂದು ಅವನೇ ಬಾರಿಸಿದವನು, ಈಗ ನನ್ನ ಕಾಲ ಹಿಂದೆ ಸೇರಿಕೊಂಡು ಗೋಡೆಗೆ ಬೆನ್ನು ಒತ್ತಿ ನಿಂತ. ಬಾಲ ಹೊಟ್ಟೆಯ ಕೆಳಗೆ ಹೋಗಿತ್ತು. ಬೆನ್ನ ಮೇಲಿನ ಕೂದಲು ನಿಮಿರಿತ್ತು. ಬೊಗಳಲಿಲ್ಲ. ಬೊಗಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಆಗ ಗಮನಿಸಿದೆ, ಬೋನಿನ ನಾಯಿಯ ಅಳುವೂ ನಿಂತಿತ್ತು. ಕೊಟ್ಟಿಗೆಯಲ್ಲಿ ಹಸುಗಳೆರಡೂ ಎದ್ದು ನಿಂತು ಒಂದೇ ಕಡೆ ನೋಡುತ್ತಿದ್ದವು. ಅವು ನೋಡುತ್ತಿದ್ದುದು ಬೇಲಿಯ ಗಂಡಿಯ ಕಡೆ. ಅತ್ತೆ ಹೋದ ಕಡೆ.

ಕೂಗಬೇಕು ಎಂದುಕೊಂಡೆ. ಬಾಯಿ ತೆರೆಯಿತು, ದನಿ ಬರಲಿಲ್ಲ. ಓಡಬೇಕು ಎಂದುಕೊಂಡೆ, ಕಾಲು ಹೊಸಿಲಿಗೆ ಅಂಟಿಹೋಗಿತ್ತು. ಇನ್ನೊಂದು ಇದೆ, ಇದನ್ನು ನಮ್ಮ ಯಜಮಾನರಿಗೂ ಹೇಳಿಲ್ಲ: ನನ್ನ ಎಡಗೈ ಬಾಗಿಲ ಮೇಲಿತ್ತು, ಅದು ಬಾಗಿಲನ್ನು ಮುಚ್ಚುವ ಕಡೆಗೆ ತಳ್ಳುತ್ತಿತ್ತು. ನಾನು ತಳ್ಳುತ್ತಿದ್ದೆ. ಎರಡು ಬೆರಳಷ್ಟು ಸರಿದಿರಬೇಕು, ಅಷ್ಟಕ್ಕೇ ಕೆಳಗೆ ಕಟ್ಟಿದ್ದ ಗಂಟೆ ಆಡಿತು. ಸಣ್ಣಗೆ, ಒಂದೇ ಸಲ. ಆ ಸದ್ದು ಕೇಳಿದ್ದೇ ನನಗೆ ಎಲ್ಲಿಂದ ಬುದ್ಧಿ ಬಂತೋ, ಕುಸಿದು ಕೂತು ಎರಡೂ ಕೈಯಲ್ಲಿ ಆ ಗಂಟೆ ಹಿಡಿದು ಬಡಿದೆ. ದಾರ ಕಿತ್ತು ಕೈಗೆ ಬಂತು. ಬಾಗಿಲಿಗೆ ಬಡಿದೆ, ಹೊಸಿಲಿಗೆ ಬಡಿದೆ. ಢಣಢಣ ಎಂದು ಇಡೀ ಹಿತ್ತಿಲು ತುಂಬಿತು. ಹಸುಗಳು ಅರಚಿದವು. ಪಕ್ಕದ ಮನೆಯ ದೀಪ ಹೊತ್ತಿತು. ಆಗ ಕೆಂಚನೂ ಬೊಗಳಿದ, ನನ್ನ ಹಿಂದೆಯೇ ನಿಂತು.

ಎಷ್ಟು ಹೊತ್ತು ಬಡಿದೆನೋ. ಬೇಲಿಯ ಗಂಡಿಯಲ್ಲಿ ಬಿಳಿ ಸೀರೆ ಕಂಡಿತು. ಅತ್ತೆ ನಡೆದುಕೊಂಡು ಬಂದರು. ಓಡಲಿಲ್ಲ, ಸಾವಕಾಶ, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದರು. ಹತ್ತಿರ ಬಂದು, ನೆಲದ ಮೇಲೆ ಕೂತಿದ್ದ ನನ್ನನ್ನೂ ಕೈಯಲ್ಲಿದ್ದ ಗಂಟೆಯನ್ನೂ ನೋಡಿದರು. “ಬೆಳಗಾನೆದ್ದು ಏನಮ್ಮಿ ಇದು? ಊರೋರ್ನೆಲ್ಲ ಎಬ್ಬುಸ್ಬುಟ್ಟೆ” ಎಂದು ಒಳಗೆ ಹೋದರು. ಪಕ್ಕದ ಮನೆಯವರು ಬೇಲಿಯ ಮೇಲಿಂದ ಏನಾಯಿತು ಎಂದು ಕೇಳಿದರು. ಏನಿಲ್ಲ, ನಾಯಿ ಗಂಟೆ ಕಿತ್ತುಹಾಕಿತು ಎಂದೆ. ನಿಜವಾಗಿ ಏನಾಗಿತ್ತು ಎಂದು ನನಗೂ ಗೊತ್ತಿರಲಿಲ್ಲ. ನಾನು ಏನನ್ನೂ ನೋಡಿರಲಿಲ್ಲವಲ್ಲ. ಆವತ್ತು ಡೈರಿಗೆ ತಡವಾಗಿ ಹೋದೆ, ಹಾಲೆಲ್ಲ ಸರಿಯಾಗಿಯೇ ಇತ್ತು, ನನ್ನ ಅಳತೆಯೇ ಸರಿಯಿರಲಿಲ್ಲ.

ಮನೆಗೆ ಬಂದು ಪಾತ್ರೆ ತೊಳೆಯುವಾಗ ನೋಡಿದೆ. ಬಚ್ಚಲ ಕಲ್ಲಿನ ಮೇಲೆ ಅತ್ತೆಯ ತಾಮ್ರದ ಚೊಂಬು ಇರಲಿಲ್ಲ. ಅವರು ಏನು ಮರೆತರೂ ಅದನ್ನು ಮರೆಯುವವರಲ್ಲ, ಅವರಪ್ಪ ಮದುವೆಗೆ ಕೊಟ್ಟದ್ದು. ಬೇಲಿಯ ಕಡೆ ನೋಡಿದೆ. ಚೊಂಬು ಎಲ್ಲಿ ಬಿದ್ದಿದೆ ಎಂದು ಗೊತ್ತಾಯಿತು. ಅತ್ತೆ ಬಂದು ನನ್ನ ಪಕ್ಕ ನಿಂತರು. ಇಬ್ಬರೂ ಆ ಖಾಲಿ ಕಲ್ಲನ್ನು ನೋಡಿದೆವು. ನಾನು ಗಂಟೆಯನ್ನು ಹೊಸ ದಾರದಲ್ಲಿ ಮತ್ತೆ ಕಟ್ಟಿದೆ.

ಆಮೇಲಿನ ಎರಡು ದಿನ ಬೆಳಗಿನ ಜಾವ ಚಿಲಕದ ಸದ್ದು ಕೇಳಿಸಲಿಲ್ಲ. ಅತ್ತೆ ಎದ್ದಿದ್ದಾರೆ ಎಂದು ಗೊತ್ತಾಗುತ್ತಿತ್ತು. ಕತ್ತಲಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದರು. ಬೆಳಕು ಚೆನ್ನಾಗಿ ಹರಿದು ಜನ ಓಡಾಡುವವರೆಗೂ ಕೂತೇ ಇರುತ್ತಿದ್ದರು. ಮೊದಲ ದಿನ ಕೆಂಚ ಕೂತಿದ್ದ ಹಾಗೇ. ಏನಾದರೂ ಹೇಳಬೇಕು ಎಂದು ನನ್ನ ಜೀವ ಒದ್ದಾಡುತ್ತಿತ್ತು. ‘ನಾಯೇನಮ್ಮಿ’ ಎಂದ ಮಾತು ಅಡ್ಡ ನಿಂತಿತ್ತು.

ಮೂರನೆಯ ದಿನ ಬೆಳಗಿನ ಜಾವ, ಢಣ್. ಕಣ್ಣು ಬಿಡದೆಯೇ “ಬಂದೆ ಕಣೋ ಕೆಂಚ” ಎಂದು ಎದ್ದು ಚಾಪೆಯಾಚೆ ಕಾಲಿಟ್ಟೆ. ಕಾಲಿಗೆ ಬಿಸಿಯಾಗಿ ಏನೋ ತಾಗಿತು. ಕೆಂಚ ನನ್ನ ಚಾಪೆಯ ಬುಡದಲ್ಲಿ ಮೂತಿಯನ್ನು ಬಾಲಕ್ಕೆ ಸಿಕ್ಕಿಸಿಕೊಂಡು ನಿದ್ದೆ ಮಾಡುತ್ತಿದ್ದ.

ಟಾರ್ಚು ಹಾಕಿದೆ. ಹಿತ್ತಿಲ ಬಾಗಿಲ ಹತ್ತಿರ ಅತ್ತೆ ನಿಂತಿದ್ದರು. ಗಂಟೆ ಕೆಳಗೆ ಕಟ್ಟಿದ್ದರಿಂದ ಸೊಂಟ ಬಗ್ಗಿಸಿ, ಒಂದು ಕೈ ಮೊಣಕಾಲ ಮೇಲೆ, ಇನ್ನೊಂದು ಕೈ ಇನ್ನೂ ಗಂಟೆಯ ಮೇಲೆ. ಬೆಳಕಿಗೆ ಕಣ್ಣು ಕಿರಿದು ಮಾಡಿದರು. ನನ್ನ ಮುಖ ನೋಡಲಿಲ್ಲ.

“ಲೆಟ್ರಿನ್‌ಗಂಟ ಬಾರಮ್ಮಿ” ಎಂದರು. “ನಂಗೆ ದಿಗ್ಲಾಯ್ತದೆ.”

ಚಿಲಕ ತೆಗೆದೆ. ಐದು ಹೆಜ್ಜೆ ತೆಂಗಿನ ತನಕ, ಆಮೇಲೆ ಕೊಟ್ಟಿಗೆ, ಅದರಾಚೆ ಇನ್ನೂ ಹದಿನೈದು. ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು. ನಡೆಯುತ್ತ ನಡೆಯುತ್ತ, ಪಿಸುದನಿಯಲ್ಲಿ ಹೇಳಿದರು. “ಅವತ್ತು ಅದು ಬದುವಿನ್ ಮ್ಯಾಲೆ ಕೂತಿತ್ತು ಕಣಮ್ಮಿ. ಇಲ್ಲಿಂದ ಆ ತೆಂಗಿನ್ಮರದಷ್ಟೇ ದೂರ. ನನ್ನೇ ನೋಡ್ತಿತ್ತು. ಏಳಾಕೂ ಆಗ್ನಿಲ್ಲ, ಕೂಗಾಕೂ ಆಗ್ನಿಲ್ಲ. ನೀನು ಗಂಟೆ ಬಡ್ದೆ, ಅದು ಇತ್ಲಾಗೆ ತಿರುಗ್ತು. ಆಮ್ಯಾಕೆ ಎದ್ದೋಯ್ತು.” ಕೊಟ್ಟಿಗೆ ದಾಟುವಾಗ, “ನಮ್ಮೆತ್ತಿನ ಗಂಟೆ” ಎಂದರು.

ಬಾಗಿಲು ಮುಚ್ಚುತ್ತಿದ್ದ ನನ್ನ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. ಅದನ್ನು ಅವರಿಗೆ ಹೇಳಬೇಕಿತ್ತು. ಇನ್ನೂ ಹೇಳಿಲ್ಲ.

ಬೋನಿಗೆ ಇಂದಿಗೂ ಏನೂ ಬಿದ್ದಿಲ್ಲ. ‘ಅದು’ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಚೊಂಬು ಕಬ್ಬಿನ ಸಾಲಿನಲ್ಲೇ ಇದೆ, ಕಟಾವಿಗೆ ಸಿಕ್ಕೀತು. ಗಂಟೆ ಈಗ ಬೆಳಗಿನ ಜಾವ ಎರಡು ಸಲ ಆಡುತ್ತದೆ. ಒಂದು ಸಲ ಕೆಂಚ, ಒಂದು ಸಲ ಅತ್ತೆ. ಅತ್ತೆಗೆ ಸೊಂಟ ಬಗ್ಗಿಸುವುದು ಬೇಡ ಎಂದು ಮೇಲೊಂದು ಗಂಟೆ ಕಟ್ಟುತ್ತೇನೆ ಎಂದೆ. ಬೇಡ, ಇದೇ ಇರಲಿ ಎಂದರು.

ಲೆಟ್ರಿನ್ನಿನ ತಗಡಿನ ಬಾಗಿಲು ಪೂರ್ತಿ ಮುಚ್ಚಲು ಅವರು ಒಪ್ಪುವುದಿಲ್ಲ. ನಾನು ಅದಕ್ಕೆ ಬೆನ್ನು ಮಾಡಿ, ಕಬ್ಬಿನ ಕಡೆ ಟಾರ್ಚು ಹಿಡಿದು ನಿಲ್ಲುತ್ತೇನೆ. ಕೆಂಚ ನನ್ನ ಕಾಲಿಗೆ ಒತ್ತಿಕೊಂಡಿರುತ್ತಾನೆ. ಗರಿ ಸರಸರ ಎನ್ನುತ್ತದೆ. ಓಡಿಹೋಗಬೇಕು ಅನ್ನಿಸುತ್ತದೆ. ಪ್ರತಿದಿನವೂ ಅನ್ನಿಸುತ್ತದೆ. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ, ಸಣ್ಣ ಹುಡುಗಿಯ ದನಿ, “ಇದ್ದೀಯೇನಮ್ಮಿ?”

“ಇವ್ನಿ ಅತ್ತೆ.”

ಎರಡು ಗಳಿಗೆ.

“ಇದ್ದೀಯೇನಮ್ಮಿ?”

“ಇವ್ನಿ ಅತ್ತೆ, ಇವ್ನಿ.”